ಕಲಬುರಗಿಯಲ್ಲಿ ಕೂತು ಬಾಂಬೆಯ ಹಳೆಯ ಜಡ್ಜರೊಬ್ಬರ ಬದುಕು ಬರೆಯುವ ಬಗೆ

ಪಾಲು ಕೇಳಿ ಬಂದ ಇಬ್ಬರು ಅಕ್ಕತಂಗಿಯರ ದಾವೆ ನನ್ನನ್ನು ಅರ್ಸ್ಕಿನ್ ಪೆರಿಯ ಹತ್ತಿರ ಕರೆದುಕೊಂಡು ಹೋಯಿತು. ಆಳಂದ ತಾಲ್ಲೂಕಿನ ಒಂದು ಮುಸ್ಲಿಂ ಕುಟುಂಬ ಅದು. ‘ನಮ್ಮ ಮನೆತನದಾಗ ಹೆಣ್ಣುಮಕ್ಕಳಿಗೆ ಹೊಲ ಕೊಡೋ ರೂಢಿ ಇಲ್ಲ’ ಎಂದು ಅಣ್ಣಂದಿರು ಕೈಫಿಯತ್ತಿನಲ್ಲಿ, ಅಂದರೆ ದಾವೆಗೆ ಕೊಟ್ಟ ಲಿಖಿತ ಉತ್ತರದಲ್ಲಿ, ಬರೆಸಿದ್ದರು. ರೂಢಿಯನ್ನು ಸಾಬೀತು ಮಾಡುವ ಹೊರೆ ಯಾರದು, ಎಷ್ಟು ಸಾಕ್ಷಿ ಬೇಕು ಎಂದು ಹಳೆಯ ತೀರ್ಪುಗಳ ಬೆನ್ನು ಹತ್ತಿದೆ. ಒಂದರಿಂದ ಇನ್ನೊಂದಕ್ಕೆ ಇಳಿಯುತ್ತಾ ಇಳಿಯುತ್ತಾ 1847ಕ್ಕೆ ಬಂದು ನಿಂತೆ. ಬಾಂಬೆಯ ಸುಪ್ರೀಂ ಕೋರ್ಟ್, ಖೋಜಾ ಮತ್ತು ಮೆಮನ್ ಎಂಬ ಮುಸ್ಲಿಂ ಸಮುದಾಯಗಳ ಹೆಣ್ಣುಮಕ್ಕಳ ದಾವೆಗಳು, ತೀರ್ಪು ಕೊಟ್ಟವರು ಚೀಫ್ ಜಸ್ಟಿಸ್ ಸರ್ ಥಾಮಸ್ ಅರ್ಸ್ಕಿನ್ ಪೆರಿ.

ಅಲ್ಲಿಂದ ಆರು ವರ್ಷ ಅವರ ಬದುಕನ್ನು ಕನ್ನಡದಲ್ಲಿ ಬರೆಯುವ ಕೆಲಸ ಹಚ್ಚಿಕೊಂಡೆ. ಕೋರ್ಟಿನಲ್ಲಿ ಪೇಶಿ (ವಿಚಾರಣೆ) ಇಲ್ಲದ ದಿನ, ಭಾನುವಾರದ ಮುಂಜಾನೆ, ಮೇ ತಿಂಗಳ ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿಕೊಂಡ ಮಧ್ಯಾಹ್ನ. ಈಗ ನನ್ನ ಕಚೇರಿಗೆ ಬರುವ ಜೂನಿಯರ್ ವಕೀಲರೂ ಇತಿಹಾಸದ ವಿದ್ಯಾರ್ಥಿಗಳೂ ‘ಮೇಡಂ, ಇಂಥದ್ದು ಎಲ್ಲಿಂದ ಸುರು ಮಾಡಬೇಕ್ರಿ’ ಅಂತ ಕೇಳುತ್ತಾರೆ. ಅವರಿಗಾಗಿ ಇದು. ಪೆರಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ನಿಮ್ಮ ಜಡ್ಜ್ ಬೇರೆಯವರಿದ್ದರೂ ದಾರಿ ಇದೇ.

ನಿಮ್ಮ ಮಣ್ಣಿಗೆ ಅವರು ತಾಗುವ ಜಾಗ ಹುಡುಕಿ

ಹುಟ್ಟಿದ ತಾರೀಖಿನಿಂದ ಸುರು ಮಾಡಬೇಡಿ. ಪೆರಿ 1806ರ ಜುಲೈ 20ರಂದು ಲಂಡನ್ ಹತ್ತಿರದ ವಿಂಬಲ್ಡನ್‌ನಲ್ಲಿ ಹುಟ್ಟಿದರು ಎಂದು ಮೊದಲ ಸಾಲು ಬರೆದರೆ ಜೇವರ್ಗಿಯ ಓದುಗನಿಗೆ ಏನಾಗಬೇಕು? ಆ ಮನುಷ್ಯನ ಕೈ ನಮ್ಮ ಕಡೆಯ ನೆಲವನ್ನು ಎಲ್ಲಿ ಮುಟ್ಟಿದೆ ಎಂದು ಮೊದಲು ನೋಡಿ.

ಪೆರಿಯ ವಿಷಯದಲ್ಲಿ ಆ ಜಾಗ ಬೀದರ್. 1853ರಲ್ಲಿ ಬಾಂಬೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಮುಖ್ಯ ಭಾಷೆಗಳು ಎಲ್ಲೆಲ್ಲಿ ಹರಡಿವೆ ಎಂಬ ಬಗ್ಗೆ ಅವರ ಪ್ರಬಂಧ ಅಚ್ಚಾಯಿತು. ಕನ್ನಡದ ಉತ್ತರದ ಗಡಿಯನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಾಲ್ಟರ್ ಎಲಿಯಟ್ ಅದಕ್ಕೂ ಮೊದಲೇ ಗುರುತಿಸಿದ್ದರು. ಕಾರವಾರದ ಸದಾಶಿವಗಡದಿಂದ ಹೊರಟು, ಬೆಳಗಾವಿ ಹುಕ್ಕೇರಿಗಳ ಪಶ್ಚಿಮಕ್ಕೆ ಸರಿದು, ಭೀಮಾ ದಂಡೆಯ ಬ್ರಹ್ಮಪುರಿ ಮತ್ತು ಸೊಲ್ಲಾಪುರ ಹಾದು ಬೀದರಿನ ಆಸುಪಾಸಿಗೆ ಬರುವ ಗೆರೆ. ಪೆರಿಯ ಪ್ರಬಂಧವೂ ಇದೇ ಜಾಡಿನದು. ಬೀದರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತವರಿಗೆ ಈ ಗೆರೆಯ ಅರ್ಥ ಹೇಳಿಕೊಡಬೇಕಾಗಿಲ್ಲ. ಔರಾದ್ ಕಡೆಯಿಂದ ಇಳಿದವರು ಮರಾಠಿಯಲ್ಲಿ ಕೇಳುತ್ತಾರೆ, ಜಹೀರಾಬಾದ್ ಕಡೆಯವರು ತೆಲುಗಿನಲ್ಲಿ, ಕಂಡಕ್ಟರ್ ಉರ್ದುವಿನಲ್ಲಿ ಉತ್ತರ ಕೊಟ್ಟು ಕನ್ನಡದಲ್ಲಿ ಟಿಕೆಟ್ ಲೆಕ್ಕ ಹೇಳುತ್ತಾನೆ.

ಆ ಪ್ರಬಂಧದ ತಲೆಬರಹದ ಉತ್ತರಾರ್ಧವನ್ನು ಬಿಡಬೇಡಿ. ಇಂಗ್ಲಿಷನ್ನು ಇಡೀ ದೇಶದ ನಡುವಣ ಕೊಂಡಿ ಭಾಷೆಯಾಗಿ ತರುವುದು ಸಾಧ್ಯವೇ ಎಂಬ ಪ್ರಶ್ನೆ ಅಲ್ಲಿದೆ. ನಮ್ಮ ಭಾಷೆಗಳ ಹರವನ್ನು ಅಷ್ಟು ಶ್ರದ್ಧೆಯಿಂದ ಅಳೆದ ಮನುಷ್ಯ ಅದನ್ನು ಅಳೆದದ್ದು ಇಂಗ್ಲಿಷಿನ ದಾರಿ ಹುಡುಕುತ್ತಾ. ನನಗೆ ಅವರ ಬದುಕಿನ ಕೀಲಿಕೈ ಸಿಕ್ಕಿದ್ದು ಇಲ್ಲಿ. ಒಂದು ಶತಮಾನದ ಮೇಲೆ, 1956ರಲ್ಲಿ, ಅದೇ ಬೀದರ್ ಜಿಲ್ಲೆಯನ್ನು ಭಾಷೆಯ ಲೆಕ್ಕದಲ್ಲಿ ಒಡೆದು ಉದಗೀರ್, ನಿಲಂಗಾ, ಅಹಮದಪುರಗಳನ್ನು ಮರಾಠಿಯ ಕಡೆಗೆ ಬಿಟ್ಟು ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು. ನನ್ನ ಬರಹ ಸುರುವಾಗುವುದು ಆ ಬಸ್ ನಿಲ್ದಾಣದಿಂದ.

ಎರಡು ಕಂಬದ ವಹಿ

ಕಿರಾಣಿ ಅಂಗಡಿಯ ಉದ್ದನೆಯ ವಹಿ ಒಂದನ್ನು ತನ್ನಿ. ನಡುವೆ ಗೆರೆ ಎಳೆದು ಎಡಕ್ಕೆ ನಿಮ್ಮ ಜಡ್ಜ್, ಬಲಕ್ಕೆ ನಮ್ಮ ಸೀಮೆ. ಪ್ರತಿ ವರ್ಷಕ್ಕೆ ನಾಲ್ಕು ಸಾಲು ಬಿಡಿ.

ನನ್ನ ವಹಿಯಲ್ಲಿ 1841ರ ಎಡಗಡೆ: ಪೆರಿಗೆ ನೈಟ್ ಪದವಿ, ಬಾಂಬೆ ಸುಪ್ರೀಂ ಕೋರ್ಟಿನ ಜಡ್ಜ್ ಆಗಿ ಏಪ್ರಿಲ್‌ನಲ್ಲಿ ಪ್ರಮಾಣ. ಬಲಗಡೆ: ನಿಜಾಮರ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದ ವರ್ಷ. 1853ರ ಎಡಗಡೆ: ಪೆರಿಯ ತೀರ್ಪುಗಳ ಸಂಗ್ರಹವೂ ಭಾಷೆಗಳ ಪ್ರಬಂಧವೂ ಅಚ್ಚು. ಬಲಗಡೆ: ಸಾಲಕ್ಕೆ ಈಡಾಗಿ ನಿಜಾಮರು ರಾಯಚೂರು ದೋಆಬ್, ಬೇರಾರ್, ಧಾರಾಶಿವಗಳನ್ನು ಕಂಪನಿಯ ಕೈಗೆ ಒಪ್ಪಿಸಿದ್ದು. 1858ರ ಎಡಗಡೆ: ಕಂಪನಿಯ ಆಡಳಿತ ಮುಗಿಸುವ ಕಾಯ್ದೆ, ಅದರ ಪರವಾಗಿ ಪಾರ್ಲಿಮೆಂಟಿನಲ್ಲಿ ಪೆರಿ. ಬಲಗಡೆ: ಸುರಪುರದ ದಂಗೆ, ಎಳೆಯ ರಾಜ ವೆಂಕಟಪ್ಪ ನಾಯಕ ಸೆರೆಸಿಕ್ಕು ಅದೇ ವರ್ಷ ಗುಂಡೇಟಿಗೆ ಬಲಿಯಾದದ್ದು.

ಇಲ್ಲಿ ಒಂದು ಎಚ್ಚರ. ಎರಡು ಕಂಬಗಳ ನಡುವೆ ‘ಆದ್ದರಿಂದ’ ಎಂಬ ಪದ ಬರೆಯುವ ಆಸೆ ಬಹಳ ಬರುತ್ತದೆ. ದಾಖಲೆ ಕೈಯಲ್ಲಿ ಇಲ್ಲದೆ ಬರೆಯಬೇಡಿ. ಪೆರಿಯ ತಂದೆ ಜೇಮ್ಸ್ ಪೆರಿ ಲಂಡನ್ನಿನ ಮಾರ್ನಿಂಗ್ ಕ್ರಾನಿಕಲ್ ಪತ್ರಿಕೆಯ ಒಡೆಯರು. 1793ರಲ್ಲಿ ಸರ್ಕಾರ ಅವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಥಾಮಸ್ ಅರ್ಸ್ಕಿನ್ ಎಂಬ ಹೆಸರಾಂತ ವಕೀಲರು ವಾದಿಸಿ ಬಿಡಿಸಿದರು. ಆ ಅರ್ಸ್ಕಿನ್ 1806ರಲ್ಲಿ ಲಾರ್ಡ್ ಚಾನ್ಸಲರ್, ಅಂದರೆ ಇಂಗ್ಲೆಂಡಿನ ನ್ಯಾಯಾಂಗದ ಮುಖ್ಯಸ್ಥ, ಆದರು. ಅದೇ ವರ್ಷ ಹುಟ್ಟಿದ ಮಗನ ಹೆಸರು ಥಾಮಸ್ ಅರ್ಸ್ಕಿನ್ ಪೆರಿ. ಈ ನಾಲ್ಕು ವಾಕ್ಯಗಳನ್ನು ಹೀಗೆ ಪಕ್ಕಪಕ್ಕ ಇಟ್ಟರೆ ಸಾಕು, ಉಳಿದದ್ದು ಓದುಗ ನೋಡಿಕೊಳ್ಳುತ್ತಾನೆ.

ಹೆಸರಿನ ಗೊಂದಲವೂ ಇದರಿಂದಲೇ ಬರುತ್ತದೆ. ‘ಥಾಮಸ್ ಅರ್ಸ್ಕಿನ್’ ಎಂದು ಹುಡುಕಿದರೆ ಚಾನ್ಸಲರ್ ಸಿಗುತ್ತಾರೆ, ಇನ್ನೊಬ್ಬ ಜಡ್ಜ್ ಸಿಗುತ್ತಾರೆ, ಪಾರ್ಲಿಮೆಂಟಿನ ನಡಾವಳಿ ಬರೆದ ಅರ್ಸ್ಕಿನ್ ಮೇ ಕೂಡ ಸಿಗುತ್ತಾರೆ. ‘ಅರ್ಸ್ಕಿನ್ ಪೆರಿ’ ಎಂದೇ ಹುಡುಕಿ. ಹಳೆಯ ತೀರ್ಪುಗಳಲ್ಲಿ ಬರೀ ‘ಪೆರಿ, ಸಿ. ಜೆ.’ (ಚೀಫ್ ಜಸ್ಟಿಸ್) ಎಂದಿರುತ್ತದೆ, ಅದನ್ನೂ ಹಾಕಿ ನೋಡಿ.

ಬಂದದ್ದು ಯಾಕೆ ಎಂದು ಕೇಳಿ

ಸಾಹೇಬರು ಬಂದರು, ಆಳಿದರು, ಹೋದರು ಎಂಬ ಧಾಟಿ ನಮ್ಮ ಬರಹಗಳಲ್ಲಿ ಹೆಚ್ಚು. ಬಂದವನಿಗೂ ಒಂದು ಮನೆ, ಒಂದು ಸೋಲು ಇರುತ್ತದೆ. ಪೆರಿ ಕೇಂಬ್ರಿಜ್‌ನ ಟ್ರಿನಿಟಿಯಲ್ಲಿ ಓದಿದರು, ಮ್ಯೂನಿಕ್‌ಗೆ ಹೋದರು, 1831ರಲ್ಲಿ ಮತದಾನದ ಹಕ್ಕು ಹಿಗ್ಗಿಸುವ ಚಳವಳಿಯ ರಾಷ್ಟ್ರೀಯ ರಾಜಕೀಯ ಸಂಘಕ್ಕೆ ಕಾರ್ಯದರ್ಶಿಯಾದರು. 1832ರಲ್ಲಿ ಚ್ಯಾಟಮ್‌ನಿಂದ ಚುನಾವಣೆಗೆ ನಿಂತು ಸೋತರು. 1834ರಲ್ಲಿ ವಕೀಲರಾದರು, ಹೊಟ್ಟೆಪಾಡಿಗೆ ತೀರ್ಪುಗಳ ವರದಿ ಬರೆದರು. 1840ರಲ್ಲಿ ಒಂದು ಬ್ಯಾಂಕ್ ಮುಳುಗಿ ಅವರ ಆಸ್ತಿಯ ಬಹುಪಾಲು ಹೋಯಿತು. ಆಮೇಲೆ ಸರ್ಕಾರದ ಹತ್ತಿರ ಹುದ್ದೆ ಕೇಳಿದರು. ಸಿಕ್ಕಿದ್ದು ಬಾಂಬೆ. ಜೀವನಚರಿತ್ರೆಯಲ್ಲಿ ಇಂಥ ಒಂದು ವಾಕ್ಯಕ್ಕಾಗಿ ನಾಲ್ಕು ದಿನ ಹುಡುಕಿದರೂ ನಷ್ಟವಿಲ್ಲ.

ಕೋರ್ಟಿನ ಹೆಸರು ನೋಡಿ ಮೋಸ ಹೋಗಬೇಡಿ

ನನ್ನ ಮೊದಲ ಲೇಖನ ಅಚ್ಚಾದಾಗ ‘ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪೆರಿ ಇಡೀ ಪಶ್ಚಿಮ ಭಾರತಕ್ಕೆ ನ್ಯಾಯ ಕೊಟ್ಟರು’ ಎಂದು ಬರೆದಿದ್ದೆ. ಭಾಲ್ಕಿಯ ಹಿರಿಯ ಓದುಗರೊಬ್ಬರು ಕಾರ್ಡು ಬರೆದು ತಿದ್ದಿದರು. ಅವತ್ತಿಡೀ ಮನಸ್ಸು ಕುಟುಕುತ್ತಿತ್ತು. ವಕೀಲಳಾಗಿ ನಾನು ಮಾಡಬಾರದ ತಪ್ಪು ಅದು.

ಬಾಂಬೆಯ ಸುಪ್ರೀಂ ಕೋರ್ಟ್ ಇಂಗ್ಲೆಂಡಿನ ರಾಜನ ಸನ್ನದಿನಿಂದ 1823ರಲ್ಲಿ ಆದದ್ದು. ಅದರ ಅಧಿಕಾರ ಮುಖ್ಯವಾಗಿ ಬಾಂಬೆ ಪಟ್ಟಣಕ್ಕೆ, ಅದರ ಹೊರಗೆ ಬ್ರಿಟಿಷ್ ಪ್ರಜೆಗಳ ಮೇಲೆ. ಜಿಲ್ಲೆಗಳಲ್ಲಿ ಕಂಪನಿಯ ಬೇರೆ ಅದಾಲತ್‌ಗಳು. 1862ರಲ್ಲಿ ಎರಡೂ ಕೂಡಿ ಬಾಂಬೆ ಹೈಕೋರ್ಟ್ ಆಯಿತು. ಇವತ್ತು ದಿಲ್ಲಿಯಲ್ಲಿರುವ ಸುಪ್ರೀಂ ಕೋರ್ಟಿಗೂ ಅದಕ್ಕೂ ಹೆಸರೊಂದೇ ಸಂಬಂಧ. ಇನ್ನು ನಮ್ಮ ಗುಲ್ಬರ್ಗ, ಬೀದರ್‌ಗಳೋ, ನಿಜಾಮರ ಸೀಮೆ. ಪೆರಿಯ ಒಂದು ಹುಕುಂ ಕೂಡ ಇಲ್ಲಿ ನಡೆಯುತ್ತಿರಲಿಲ್ಲ. ಸೊಲ್ಲಾಪುರದ ಆಚೆ ಕಂಪನಿಯ ಕಾನೂನು, ಈಚೆ ನಿಜಾಮರದು. ಪ್ರತಿ ಅಧ್ಯಾಯಕ್ಕೂ ಒಂದು ಚಿಕ್ಕ ನಕಾಶೆ ಬಿಡಿಸಿಟ್ಟುಕೊಳ್ಳಿ, ಪೆನ್ಸಿಲ್‌ನಲ್ಲಾದರೂ ಸರಿ.

ತೀರ್ಪನ್ನು ಮೂರು ಸಲ ಓದಿ

ಜಡ್ಜ್ ಆದವರ ಬದುಕು ಅವರ ತೀರ್ಪಿನಲ್ಲಿ ಇರುತ್ತದೆ. ಪತ್ರಗಳು, ಸನ್ಮಾನದ ಭಾಷಣಗಳು ಆಮೇಲೆ. ಪೆರಿ ತಾವೇ ತಮ್ಮ ತೀರ್ಪುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ನಮ್ಮ ಕೆಲಸ ಹಗುರ, ಹಳೆಯ ಪುಸ್ತಕಗಳ ಡಿಜಿಟಲ್ ಸಂಗ್ರಹಗಳಲ್ಲಿ ಅದು ಸಿಗುತ್ತದೆ. ಮೊಬೈಲಿನಲ್ಲಿ ಓದಬೇಡಿ. ಬೇಕಾದ 20 ಪುಟಗಳನ್ನು ಪ್ರಿಂಟ್ ತೆಗೆಸಿ, ಅಂಚು ಅಗಲ ಬಿಡಿಸಿ.

ಮೊದಲ ಓದಿನಲ್ಲಿ ಕಥೆ ಮಾತ್ರ: ಯಾರು, ಯಾರ ಮೇಲೆ, ಏನು ಕೇಳಿದರು. ಖೋಜಾ ದಾವೆಯಲ್ಲಿ ತೀರಿಹೋದ ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳು ಕುರಾನ್ ಹೇಳುವ ಪಾಲು ಕೇಳಿದರು. ಎದುರಿನವರು, ನಾವು ಮುಸ್ಲಿಮರಾದರೂ ಆಸ್ತಿಯ ವಿಷಯದಲ್ಲಿ ಹಿಂದೂಗಳ ಹಾಗೆ ನಡೆದುಬಂದಿದ್ದೇವೆ, ಗಂಡುಮಕ್ಕಳಿದ್ದರೆ ಹೆಣ್ಣಿಗೆ ಪಾಲಿಲ್ಲ, ಸಾಕುವುದು ಮತ್ತು ಮದುವೆ ಖರ್ಚು ಮಾತ್ರ ಎಂದರು. ಕಚ್ಛ್, ಸಿಂಧ್ ಕಡೆಯ ಖೋಜಾ, ಮೆಮನ್ ಸಮುದಾಯಗಳು ಕೆಲವು ಶತಮಾನಗಳ ಹಿಂದೆ ಹಿಂದೂಗಳಾಗಿದ್ದು ಮತ ಬದಲಿಸಿದವರು.

ಎರಡನೇ ಓದಿನಲ್ಲಿ ತರ್ಕ: ಜಡ್ಜ್ ಯಾವ ಪದವನ್ನು ಹಿಡಿದು ಜಗ್ಗುತ್ತಾರೆ? ಮುಸ್ಲಿಮರ ವಾರಸಾ ವಿಷಯವನ್ನು ಮುಸ್ಲಿಮರ ‘ಕಾನೂನು ಮತ್ತು ರೂಢಿ’ಯಂತೆ ನೋಡಬೇಕು ಎಂಬುದು ಸನ್ನದಿನ ಮಾತು. ಪೆರಿ ‘ರೂಢಿ’ಗೆ ಪೂರ್ತಿ ತೂಕ ಕೊಟ್ಟರು. ಸಮುದಾಯದವರ ಸಾಕ್ಷಿ ಕೇಳಿದರು. ರೂಢಿ ಸಾಬೀತಾಗಿದೆ, ಗ್ರಂಥದ ಮಾತು ಇದ್ದರೂ ರೂಢಿ ನಿಲ್ಲುತ್ತದೆ ಎಂದು ಹೆಣ್ಣುಮಕ್ಕಳ ದಾವೆಗಳನ್ನು ವಜಾ ಮಾಡಿದರು.

ಮೂರನೇ ಓದು ಕಷ್ಟದ್ದು. ಈ ಸಲ ಜಡ್ಜ್ ಎಂಬ ಮನುಷ್ಯನನ್ನು ಹುಡುಕಬೇಕು, ತರ್ಕಕ್ಕೆ ಬೇಕಿಲ್ಲದಿದ್ದರೂ ಬರೆದ ಸಾಲುಗಳಲ್ಲಿ. ಹೆಣ್ಣಿಗೆ ಪಾಲಿಲ್ಲ ಎಂಬ ರೂಢಿ ಇಂಗ್ಲಿಷ್ ಕಾನೂನಿನ ಕಣ್ಣಿಗೆ ಅನ್ಯಾಯವೆನಿಸುವಂಥದ್ದಲ್ಲ ಎಂಬ ಅರ್ಥದ ಮಾತು ಅಲ್ಲಿದೆ. ಹೌದಲ್ಲ, ಅವರ ಊರಲ್ಲಿ ಜಮೀನು ಹಿರಿಯ ಮಗನಿಗೆ ಹೋಗುತ್ತಿತ್ತು! ಆ ಸಾಲಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಸನ್ನದಿನ ಪದಕ್ಕೆ ಜಡ್ಜ್ ಕಟ್ಟುಬಿದ್ದಿರಬಹುದು, ಈ ಸಾಲು ಬರೆಯಲೇಬೇಕೆಂದು ಯಾವ ಸನ್ನದೂ ಹೇಳಿರಲಿಲ್ಲ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಕಟ್ಟೆಯ ಮೇಲೆ ಕೂತು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ತಂಗಿಯರನ್ನು 31 ವರ್ಷದಿಂದ ನೋಡಿದ್ದೇನೆ. ‘ತವರುಮನಿ ಬಾಗಿಲ ತೆರೆದಿರಲಿ ಅಂತ ಕೊಟ್ಟೆನ್ರಿ’ ಅನ್ನುತ್ತಾರೆ. ಆ ರೂಢಿಗೆ ಕೋರ್ಟಿನ ಮುದ್ರೆ ಬಿದ್ದ ದಿನಗಳಲ್ಲಿ 1847ರದ್ದೂ ಒಂದು. ಮುಸ್ಲಿಮರಲ್ಲಿ ಇಂಥ ರೂಢಿಯನ್ನು ಬದಿಗೆ ಸರಿಸುವ ಕಾಯ್ದೆ ಬರಲು 1937 ಆಗಬೇಕಾಯಿತು, ಅದೂ ಕೃಷಿ ಜಮೀನು ಬಿಟ್ಟು.

ಅದೇ ಮನುಷ್ಯನ ಇನ್ನೊಂದು ಕುರ್ಚಿ

ಜಡ್ಜ್ ಆದವರು ರಾಜಕಾರಣಿಯೂ ಆಗಿದ್ದರೆ ನಿಮ್ಮ ಭಾಗ್ಯ. ಪೆರಿ 1852ರಲ್ಲಿ ನಿವೃತ್ತರಾಗಿ ಹೋದರು, 1854ರಲ್ಲಿ ಡೆವನ್‌ಪೋರ್ಟ್‌ನಿಂದ ಲಿಬರಲ್ ಸದಸ್ಯರಾಗಿ ಪಾರ್ಲಿಮೆಂಟಿಗೆ ಬಂದರು, 1859ರವರೆಗೆ ಇದ್ದರು. ಅಲ್ಲಿನ ಚರ್ಚೆಗಳ ವರದಿ ಪೂರ್ತಿ ಡಿಜಿಟಲ್ ಆಗಿದೆ, ಸದಸ್ಯರ ಹೆಸರಿನಿಂದ ತೆಗೆಯಬಹುದು. ಎಲ್ಲ ಓದಬೇಕಿಲ್ಲ. ತೀರ್ಪಿನ ವಿಷಯವೇ ಭಾಷಣದಲ್ಲಿ ಎಲ್ಲಿ ಮರಳಿ ಬರುತ್ತದೆ ಎಂದು ನೋಡಿ.

ಆಗ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ದುಡಿಮೆ, ಹಣ, ಒಡವೆ ಎಲ್ಲ ಕಾನೂನಿನ ಲೆಕ್ಕದಲ್ಲಿ ಗಂಡನದು. 1856ರಲ್ಲಿ ಇದನ್ನು ಬದಲಿಸಬೇಕೆಂದು 26,000ಕ್ಕೂ ಹೆಚ್ಚು ಸಹಿಗಳ ಅರ್ಜಿ ಪಾರ್ಲಿಮೆಂಟಿಗೆ ಹೋಯಿತು. ಕಾಮನ್ಸ್ ಸಭೆಯಲ್ಲಿ ಅದರ ಪರ ನಿಂತವರು ಪೆರಿ. 1857ರಲ್ಲಿ ವಿವಾಹಿತ ಹೆಂಗಸಿನ ಆಸ್ತಿಯ ಮಸೂದೆಯನ್ನು ಅವರೇ ತಂದರು. ಅದು ಕಾಯ್ದೆಯಾಗಲಿಲ್ಲ. ಅದೇ ವರ್ಷದ ವಿಚ್ಛೇದನ ಕಾಯ್ದೆಯಲ್ಲಿ, ಗಂಡ ಬಿಟ್ಟುಹೋದ ಇಲ್ಲವೆ ಕೋರ್ಟಿನ ಮೂಲಕ ಗಂಡನಿಂದ ಬೇರೆಯಾದ ಹೆಂಡತಿಯ ಗಳಿಕೆಗೆ ಮಾತ್ರ ರಕ್ಷಣೆ ಸಿಕ್ಕಿತು.

1847ರ ಬಾಂಬೆ, 1857ರ ಲಂಡನ್. ಇವೆರಡನ್ನು ಹೇಗೆ ಬರೆಯುತ್ತೀರಿ? ಜೂನಿಯರ್‌ಗಳು ಕೂಡಲೇ ಎರಡರಲ್ಲಿ ಒಂದು ಮಾಡುತ್ತಾರೆ. ‘ಕಾಲಕ್ರಮೇಣ ಅವರು ಬದಲಾದರು’ ಎಂದು ಒಬ್ಬರು, ‘ಇಲ್ಲಿಗೊಂದು ನ್ಯಾಯ, ಅಲ್ಲಿಗೊಂದು ನ್ಯಾಯ’ ಎಂದು ಇನ್ನೊಬ್ಬರು. ಎರಡೂ ಅವಸರದ ಮಾತು. ಕುರ್ಚಿ ಬೇರೆ ಎಂಬುದನ್ನು ಮೊದಲು ಬರೆಯಿರಿ: ಜಡ್ಜ್ ಇದ್ದ ಕಾನೂನನ್ನು ಓದಬೇಕು, ಸದಸ್ಯ ಹೊಸ ಕಾನೂನು ತರಬಹುದು. ಹಾಗೆ ಬರೆದ ಮೇಲೂ ತೀರ್ಪಿನ ಆ ಒಂದು ಸಾಲು ಉಳಿದುಕೊಳ್ಳುತ್ತದೆ. ಅದನ್ನು ಅಳಿಸದೆ, ಕೂಗದೆ, ಮಸೂದೆಯ ಪಕ್ಕದಲ್ಲಿ ಇಡಿ. ನನ್ನ ಅಭಿಪ್ರಾಯ ಕೇಳಿದರೆ, ತಮ್ಮ ದೇಶದ ಅಕ್ಕತಂಗಿಯರ ಕಷ್ಟ ಅವರಿಗೆ ಹತ್ತಿರದಿಂದ ಕಂಡಿತ್ತು, ಬಾಂಬೆಯ ಹೆಣ್ಣುಮಕ್ಕಳದು ದುಭಾಷಿಯ ಬಾಯಿಂದ ಕೇಳಿಸಿತ್ತು. ಇದನ್ನು ನನ್ನ ಅಭಿಪ್ರಾಯವೆಂದೇ ಬರೆದಿದ್ದೇನೆ, ನೀವೂ ಹಾಗೇ ಬೇರ್ಪಡಿಸಿ ಬರೆಯಿರಿ.

ಜಗಳದ ಎರಡೂ ಕಡೆ ಕೇಳಿ

ಬಾಂಬೆಯಲ್ಲಿ ಪೆರಿ ಶಿಕ್ಷಣ ಮಂಡಳಿಗೂ ಅಧ್ಯಕ್ಷರಾಗಿದ್ದರು. ಮೇಲಿನ ಶಿಕ್ಷಣ ಇಂಗ್ಲಿಷಿನಲ್ಲೇ ಇರಬೇಕು ಎಂಬುದು ಅವರ ಪಟ್ಟು. ಮಂಡಳಿಯಲ್ಲಿದ್ದ ಕರ್ನಲ್ ಜಾರ್ಜ್ ಜರ್ವಿಸ್, ಜಗನ್ನಾಥ ಶಂಕರಶೇಠ್ ಮತ್ತು ಇತರ ಭಾರತೀಯ ಸದಸ್ಯರು ದೇಶಭಾಷೆಯ ಪರ. ಜನಕ್ಕೆ ತಿಳಿವಳಿಕೆ ತಲುಪಬೇಕಾದರೆ ಜನದ ಭಾಷೆಯೇ ಮೇಲು ಎಂದು ಶಂಕರಶೇಠರು 1847ರಲ್ಲಿ ಬರೆದಿಟ್ಟರು. ಜೀವನಚರಿತ್ರೆ ಬರೆಯುವಾಗ ನಾಯಕನ ಕಡತ ಮಾತ್ರ ಬಿಚ್ಚಿದರೆ ಈ ದನಿ ಕೇಳಿಸುವುದೇ ಇಲ್ಲ. ವಾದಿಯ ಮಿಸಲು (ಕಡತ) ನೋಡಿದ ಹಾಗೆ ಪ್ರತಿವಾದಿಯದನ್ನೂ ತರಿಸಿ.

ಇಲ್ಲಿ ನಾನು ತಟಸ್ಥಳಲ್ಲ. ನಮ್ಮ ತಂದೆ ಹಳೆಯ ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಉರ್ದುವಿನಲ್ಲಿ ದರಖಾಸ್ತು ಬರೆದು ಮನೆ ನಡೆಸಿದರು. ಮನೆಯಲ್ಲಿ ಕನ್ನಡ, ಹೊಟ್ಟೆಗೆ ಉರ್ದು. 1956 ಆದ ಮೇಲೆ ಅವರ ಅಕ್ಷರಕ್ಕೆ ಬೆಲೆ ಇಳಿಯಿತು. ನಾನು ಚಿತ್ತಾಪುರ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ ಬಂದು ಕಾನೂನನ್ನು ಇಂಗ್ಲಿಷಿನಲ್ಲಿ ಕಲಿಯುವಾಗ ನಿಘಂಟು ಹಿಡಿದು ರಾತ್ರಿ ಕಳೆದೆ. ಕೋರ್ಟಿನ ಮಾತು ಕಕ್ಷಿದಾರನಿಗೆ ತಿಳಿಯದಿದ್ದರೆ ಏನಾಗುತ್ತದೆ ಎಂದು ದಿನಾ ನೋಡುತ್ತೇನೆ. ಈ ವಿಷಯದಲ್ಲಿ ಪೆರಿ ತಪ್ಪು ಎಂದು ನನ್ನ ಪುಸ್ತಕದಲ್ಲಿ ನೇರವಾಗಿ ಬರೆದಿದ್ದೇನೆ. ಅದೇ ಪೆರಿಗೆ ಬಾಂಬೆಯ ಜನ ಬೀಳ್ಕೊಡುವಾಗ 5,000 ಪೌಂಡ್ ಕೂಡಿಸಿದಾಗ ಅವರು ಅದನ್ನು ಕಾನೂನು ಕಲಿಸುವ ಪ್ರಾಧ್ಯಾಪಕ ಹುದ್ದೆಗೆ ಹಾಕಿ ಎಂದರು, 1855ರಲ್ಲಿ ಬಾಂಬೆಯ ಲಾ ಸ್ಕೂಲ್ ಅದರಿಂದ ಎದ್ದು ನಿಂತಿತು. ಅದನ್ನೂ ಅಷ್ಟೇ ನೇರವಾಗಿ ಬರೆದಿದ್ದೇನೆ. ಹಣವನ್ನು ಇವತ್ತಿನ ಕೋಟಿಗೆ ಬದಲಿಸಬೇಡಿ. ಆಗ ಪೌಂಡಿಗೆ ಸುಮಾರು 10 ರೂಪಾಯಿ ಎಂದು ಒಂದು ಮಾತು ಸಾಕು.

ಕೊನೆಯ ವರ್ಷಗಳನ್ನು ಎಳೆಯಬೇಡಿ. 1859ರಿಂದ ಪೆರಿ, ಭಾರತದ ಆಡಳಿತಕ್ಕೆ ಸಲಹೆ ಕೊಡುವ ಲಂಡನ್ನಿನ ಇಂಡಿಯಾ ಕೌನ್ಸಿಲ್ ಸದಸ್ಯರು. 1882ರಲ್ಲಿ ಕಾಯಿಲೆಯಿಂದ ಬಿಟ್ಟರು, ಏಪ್ರಿಲ್ 22ರಂದು ತೀರಿಕೊಂಡರು. ವಿವಾಹಿತ ಹೆಂಗಸಿಗೆ ತನ್ನ ಆಸ್ತಿಯ ಮೇಲೆ ಪೂರ್ತಿ ಹಕ್ಕು ಕೊಟ್ಟ ಕಾಯ್ದೆಗೆ ಅಂಕಿತ ಬಿದ್ದದ್ದು ಅದೇ ವರ್ಷದ ಆಗಸ್ಟಿನಲ್ಲಿ.

ಪದಗಳು, ಆಮೇಲೆ ಕಿವಿ

ಪದಕ್ಕೆ ಪದ ಹುಡುಕುವಾಗ ಬೆಂಗಳೂರಿನ ಪಾರಿಭಾಷಿಕ ಕೋಶಕ್ಕಿಂತ ಮೊದಲು ನಮ್ಮ ಕೋರ್ಟಿನ ಪಡಸಾಲೆಗೆ ಹೋಗಿ. ಕೈಫಿಯತ್ತು, ಮಿಸಲು, ಪೇಶಿ, ಜಪ್ತಿ, ವಕಾಲತ್ತು, ವಾರಸಾ ಎಂದರೆ ಸೇಡಂನ ರೈತನಿಗೂ ಗೊತ್ತು. ‘ಸಂಪ್ರದಾಯ’ ಎಂದು ಬರೆದಲ್ಲಿ ಪೂಜೆ ನೆನಪಾಗುತ್ತದೆ, ‘ರೂಢಿ’ ಎಂದರೆ ಹೊಲ ನೆನಪಾಗುತ್ತದೆ. ಈ ತೀರ್ಪಿಗೆ ಬೇಕಾದದ್ದು ಎರಡನೆಯದು.

ಬರೆದು ಮುಗಿದ ಅಧ್ಯಾಯವನ್ನು ಕಾನೂನು ಓದದವರ ಎದುರು ಜೋರಾಗಿ ಓದಿ. ಖೋಜಾ ದಾವೆಯ ಅಧ್ಯಾಯವನ್ನು ಒಂದು ಸಂಜೆ ಆಳಂದದ ಆ ಅಕ್ಕತಂಗಿಯರಿಗೇ ಓದಿದೆ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಸನ್ನದು, ರೂಢಿ, ಸಾಕ್ಷಿ ಎಲ್ಲ ಕೇಳಿಸಿಕೊಂಡು ಹಿರಿಯಾಕೆ ಅಂದಳು: ‘ಜಡ್ಜ್ ಸಾಹೇಬ್ರ ಹೆಸರು ಹತ್ತು ಸಲ ಹೇಳಿದ್ರಿ. ದಾವಾ ಹಾಕಿದ ಹೆಣ್ಮಕ್ಕಳ ಹೆಸರು ಏನ್ರಿ?’

ಹದಿನೆಂಟು ಪುಟದಲ್ಲಿ ನಾನು ಅದನ್ನು ಬರೆದಿರಲಿಲ್ಲ. ದಾವೆಯ ತಲೆಬರಹದಲ್ಲಿ ಹೆಸರುಗಳು ಇದ್ದವು, ಮೊದಲ ಓದಿನಲ್ಲೇ ಗುರುತು ಹಾಕಿದ್ದೆ, ಬರೆಯುವಾಗ ‘ಖೋಜಾ, ಮೆಮನ್ ಹೆಣ್ಣುಮಕ್ಕಳು’ ಎಂದು ಒಟ್ಟು ಮಾಡಿ ಬಿಟ್ಟಿದ್ದೆ. ಅವತ್ತು ರಾತ್ರಿಯೇ ಕೂತು ಅಧ್ಯಾಯದ ಮೊದಲ ಸಾಲು ಬದಲಿಸಿದೆ. ಈಗ ಅದು ಹೀಗೆ ಸುರುವಾಗುತ್ತದೆ: ಹೀರಬಾಯಿ, ಗಂಗಬಾಯಿ, ರಹಿಮತ್‌ಬಾಯಿ ಬಾಂಬೆಯ ಕೋರ್ಟಿಗೆ ತಮ್ಮ ಪಾಲು ಕೇಳಿ ಬಂದರು.